ಕೊಡುವವರ ಲೆಕ್ಕ ಬಯಲಾಗಲಿ, ಪಡೆಯುವವರ ಮಾನ ಉಳಿಯಲಿ

(ಕುಂದಗೋಳ ತಾಲೂಕಿನ ಸಂಶಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ಮಾತನಾಡಲಿರುವುದು ಮಾಸಾಶನದ ಅರ್ಜಿಯ ಕುರಿತು. ನಮ್ಮ ಕಡೆ ಇದನ್ನು ಪಗಾರ ಎಂದೇ ಕರೆಯುತ್ತಾರೆ. ಈ ಪಗಾರ ಸಿಗುತ್ತದೆಯೇ, ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂಬ ಚರ್ಚೆ ಊರಿನಲ್ಲಿ ದಿನವೂ ನಡೆಯುತ್ತದೆ. ಆದರೆ ಅದನ್ನು ಪಡೆಯುವುದಕ್ಕಾಗಿ ನಾವು ಏನನ್ನು ಕೊಡುತ್ತೇವೆ, ಕೊಟ್ಟದ್ದು ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ವಿಧವಾ ವೇತನಕ್ಕೆ ಅರ್ಜಿ ಸಲ್ಲಿಸುತ್ತಾರೆ ಎಂದುಕೊಳ್ಳಿ. ಗಂಡನ ಮರಣ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯದ ದಾಖಲೆ, ಬ್ಯಾಂಕಿನ ಪಾಸ್‌ಬುಕ್, ಮೊಬೈಲ್ ಸಂಖ್ಯೆ, ಭಾವಚಿತ್ರ ಇವೆಲ್ಲವೂ ಅರ್ಜಿಯೊಂದಿಗೆ ಹೋಗುತ್ತವೆ. ಅಂಗವಿಕಲರಾದರೆ ದೇಹದ ಯಾವ ಭಾಗದಲ್ಲಿ ಎಷ್ಟು ಶೇಕಡಾ ಊನವಿದೆ ಎಂದು ವೈದ್ಯರು ಬರೆದ ಪತ್ರವೂ ಬೇಕು. ಮನಸ್ವಿನಿ ಯೋಜನೆಗೆ ಅರ್ಜಿ ಹಾಕುವ ಹೆಣ್ಣುಮಗಳು ತಾನು ನಲವತ್ತು ದಾಟಿದರೂ ಅವಿವಾಹಿತೆ ಅಥವಾ ವಿಚ್ಛೇದಿತೆ ಎಂದು ಹೇಳಿಕೊಳ್ಳಲೇಬೇಕು. ಮೈತ್ರಿ ಯೋಜನೆಯ ಅರ್ಜಿದಾರರು ತಾವು ಲಿಂಗತ್ವ ಅಲ್ಪಸಂಖ್ಯಾತರು ಎಂದು ಸಾರಬೇಕು. ಹೀಗೆ ಬಡವನ ಅರ್ಜಿಯೆಂದರೆ ಅದು ಅವನ ಬದುಕಿನ ಸಂಪೂರ್ಣ ವೃತ್ತಾಂತ. ಸಿರಿವಂತನು ತನ್ನ ಮನೆಯ ವಿಷಯವನ್ನು ಯಾರಿಗೂ ಹೇಳದೆ ಬದುಕಿಬಿಡಬಲ್ಲ. ಬಡವನಿಗೆ ಆ ಸೌಲಭ್ಯವಿಲ್ಲ. ತಿಂಗಳಿಗೆ ಸಿಗುವ ಅಲ್ಪ ಹಣಕ್ಕಾಗಿ ಅವನು ತನ್ನ ಮನೆಯ ಬಾಗಿಲನ್ನು ಪೂರ್ತಿಯಾಗಿ ತೆರೆದಿಡಬೇಕಾಗುತ್ತದೆ.

ಈ ಅರ್ಜಿ ಹೋಗುವ ದಾರಿಯನ್ನು ಸ್ವಲ್ಪ ಗಮನಿಸಿ. ಮೊದಲು ಝೆರಾಕ್ಸ್ ಅಂಗಡಿ. ಬಳಿಕ ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿ. 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳನ್ನು ನಡೆಸುವವರು ಸರಕಾರಿ ನೌಕರರಲ್ಲ, ಪರವಾನಗಿ ಪಡೆದ ಖಾಸಗಿಯವರು. ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ಕುಂದಗೋಳದ ತಹಸೀಲ್ದಾರ್ ಕಚೇರಿ. ಮಂಜೂರಾದ ನಂತರ ಖಜಾನೆ, ಬ್ಯಾಂಕು ಅಥವಾ ಅಂಚೆ. ಅಂಗವಿಕಲರ ಮಟ್ಟಿಗೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿಯಲ್ಲೂ ಒಂದು ಪಟ್ಟಿ ಇರುತ್ತದೆ. ಇದರ ಜೊತೆಗೆ, ಪಡಿತರ ಚೀಟಿಯ ಆಧಾರದಲ್ಲಿ ಮನೆಮಂದಿಯನ್ನೆಲ್ಲ ಒಂದೆಡೆ ಜೋಡಿಸುವ 'ಕುಟುಂಬ' ಎಂಬ ಗಣಕ ದಾಖಲೆಯನ್ನೂ ರಾಜ್ಯ ಸರಕಾರ ರೂಪಿಸಿದೆ. ಇಷ್ಟು ಕೈಗಳನ್ನು ದಾಟುವ ಕಾಗದದ ಎಷ್ಟು ಪ್ರತಿಗಳು ಎಲ್ಲೆಲ್ಲಿ ಉಳಿದಿವೆ? ಅರ್ಜಿ ತಿರಸ್ಕೃತವಾದರೆ ಅವುಗಳ ಗತಿಯೇನು? ಬೇಗ ಕೆಲಸವಾಗಲೆಂದು ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್ ಚಿತ್ರವು ಯಾರ ಮೊಬೈಲಿನಲ್ಲಿ ಎಷ್ಟು ವರ್ಷ ಇರುತ್ತದೆ? ಅರ್ಜಿ ಕೊಟ್ಟವರಿಗೆ ಇದನ್ನು ತಿಳಿಸುವವರು ಯಾರೂ ಇಲ್ಲ.

'ನಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ? ಬಡವರ ಕಾಗದ ತೆಗೆದುಕೊಂಡು ಯಾರೇನು ಮಾಡುತ್ತಾರೆ?' ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ ಸಿಕ್ಕಿದೆ. 2023ರಲ್ಲಿ ಬೆಂಗಳೂರು, ಮಂಗಳೂರು ಮೊದಲಾದ ಕಡೆ ಅನೇಕರ ಖಾತೆಗಳಿಂದ ಅವರಿಗೆ ತಿಳಿಯದೆಯೇ ಹಣ ಹೋಯಿತು. ಒಟಿಪಿ ಹೇಳಿರಲಿಲ್ಲ, ಎಟಿಎಂ ಕಾರ್ಡು ಕೊಟ್ಟಿರಲಿಲ್ಲ. ಆಸ್ತಿ ನೋಂದಣಿಯ ದಾಖಲೆಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು. ಆ ಮೇಲೆ ಸರಕಾರವು ದಾಖಲೆಗಳಲ್ಲಿನ ಬೆರಳಚ್ಚು ಕಾಣದಂತೆ ಮರೆಮಾಡಲು ಮುಂದಾಯಿತು. ಆಸ್ತಿ ಇದ್ದವರು ಪೊಲೀಸ್ ಠಾಣೆಗೆ ಹೋದರು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ ಬೆರಳಿನ ಗೆರೆಯೇ ಸವೆದುಹೋದ ನಮ್ಮ ಮುದುಕಿಯರಿಗೆ, ಥಂಬ್ ಬೀಳಲಿಲ್ಲವೆಂದು ಹೇಳಿ ನಾಲ್ಕು ಬಾರಿ ಹೆಬ್ಬೆಟ್ಟು ಒತ್ತಿಸಿಕೊಂಡರೆ, ಅವುಗಳಲ್ಲಿ ಯಾವುದಕ್ಕೆ ಹಣ ಹೋಯಿತು ಎಂದು ತಿಳಿಯುವುದು ಹೇಗೆ?

ಸರಕಾರಿ ಕಚೇರಿಗಳೇ ಮಾಹಿತಿಯನ್ನು ಬೀದಿಗೆ ಸುರಿದ ಉದಾಹರಣೆಗಳೂ ಇವೆ. 2017ರ ಏಪ್ರಿಲ್‌ನಲ್ಲಿ ಜಾರ್ಖಂಡ್ ರಾಜ್ಯದ ಸಾಮಾಜಿಕ ಭದ್ರತಾ ನಿರ್ದೇಶನಾಲಯದ ಜಾಲತಾಣದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವೃದ್ಧಾಪ್ಯ ವೇತನದಾರರ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳು ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡಿದ್ದವು. ಮರು ತಿಂಗಳು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಸಂಸ್ಥೆಯು ಒಂದು ವರದಿಯನ್ನು ಪ್ರಕಟಿಸಿತು. ನಾಲ್ಕು ಸರಕಾರಿ ಜಾಲತಾಣಗಳಿಂದ 13 ಕೋಟಿಗೂ ಹೆಚ್ಚು ಆಧಾರ್ ಸಂಖ್ಯೆಗಳು ಬಹಿರಂಗಗೊಂಡಿರಬಹುದು ಎಂದು ಅದು ಅಂದಾಜಿಸಿತು. ಆ ನಾಲ್ಕರಲ್ಲಿ ಒಂದು, 1995ರಿಂದ ನಡೆದು ಬಂದಿರುವ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ್ದು. ಅಂದರೆ ವೃದ್ಧರು, ವಿಧವೆಯರು ಮತ್ತು ಅಂಗವಿಕಲರದ್ದು. ಇನ್ನೊಂದು ಉದ್ಯೋಗ ಖಾತ್ರಿಯದ್ದು. ಸುಮಾರು 210 ಸರಕಾರಿ ಜಾಲತಾಣಗಳಲ್ಲಿ ಇಂಥ ವಿವರಗಳು ಪ್ರದರ್ಶನಗೊಂಡಿದ್ದವು ಎಂದು ಆಧಾರ್ ಪ್ರಾಧಿಕಾರವೇ ಅದೇ ವರ್ಷ ಒಪ್ಪಿಕೊಂಡಿತು. ಯಾರದೇ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಎಂದು 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತಿರುವಾಗಲೇ ಇದು ನಡೆಯಿತು. ವಿಪರ್ಯಾಸವೆಂದರೆ, ಪ್ರಾಧಿಕಾರವು ಪತ್ರ ಬರೆದು ವಿವರಣೆ ಕೇಳಿದ್ದು ಈ ಲೋಪವನ್ನು ಎತ್ತಿ ತೋರಿಸಿದ ಬೆಂಗಳೂರಿನ ಸಂಸ್ಥೆಯನ್ನು!

ಸಹೋದರರೇ, ನಷ್ಟವು ಹಣದ್ದು ಮಾತ್ರವಲ್ಲ. ಹೋದ ಹಣವನ್ನು ಮತ್ತೆ ದುಡಿಯಬಹುದು, ಹೋದ ಮಾನವನ್ನು ದುಡಿಯಲಾಗದು. ಕ್ಷಯರೋಗಿಗೆ ಸರಕಾರ ಪೌಷ್ಟಿಕ ಆಹಾರಕ್ಕೆಂದು ತಿಂಗಳ ನೆರವು ಕೊಡುತ್ತದೆ. ಆದರೆ ಆ ನೆರವಿನ ಪಟ್ಟಿ ಊರಿನಲ್ಲಿ ಹರಿದಾಡಿದರೆ ಆ ಮನೆಯ ಹೆಣ್ಣುಮಕ್ಕಳ ಸಂಬಂಧ ಕೂಡಿಬರುತ್ತದೆಯೇ? ಎಚ್‌ಐವಿ ಇರುವವರ ಗುರುತನ್ನು ಬಹಿರಂಗಪಡಿಸಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಮಾನಸಿಕ ರೋಗಿಗಳ ಗೌಪ್ಯತೆಯನ್ನು ಅದೇ ವರ್ಷದ ಇನ್ನೊಂದು ಕಾಯ್ದೆ ಕಾಪಾಡುತ್ತದೆ. ಕಾಯ್ದೆಗಳು ಹಾಳೆಯಲ್ಲಿವೆ. ಆದರೆ ಕಚೇರಿಯ ಕಿಟಕಿಯಲ್ಲಿ ಹತ್ತು ಜನರ ಮುಂದೆ 'ನಿಮಗೆ ಏನು ರೋಗ? ಗಂಡ ಬಿಟ್ಟಿದ್ದೋ, ಸತ್ತಿದ್ದೋ?' ಎಂದು ಗಟ್ಟಿಯಾಗಿ ಕೇಳುವ ಪದ್ಧತಿಯನ್ನು ಯಾವ ಕಾಯ್ದೆಯೂ ಇನ್ನೂ ನಿಲ್ಲಿಸಿಲ್ಲ.

ಪಟ್ಟಿಗಳು ಏನು ಮಾಡಬಲ್ಲವು ಎಂಬುದನ್ನು ನಾವು 2020ರಲ್ಲಿ ಕಂಡಿದ್ದೇವೆ. ಕೊರೋನಾದ ಆರಂಭದ ದಿನಗಳಲ್ಲಿ ಕರ್ನಾಟಕ ಸರಕಾರವು ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿತು. ಮನೆಯ ಬಾಗಿಲಿಗೆ ಚೀಟಿ ಅಂಟಿಸಲಾಯಿತು. ಆ ದಿನಗಳಲ್ಲಿ ಒಂದು ಸಮುದಾಯದ ಹೆಸರಿನೊಂದಿಗೇ ರೋಗವನ್ನು ಜೋಡಿಸಿ ಮಾತನಾಡಿದ್ದನ್ನು ನೀವು ಮರೆತಿರಲಾರಿರಿ. ಬಾಗಿಲಿಗೆ ಚೀಟಿ ಅಂಟಿಸುವ ಪದ್ಧತಿ ಬೇಡವೆಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಅದೇ ವರ್ಷದ ಡಿಸೆಂಬರ್ ಬಂದಿತ್ತು. ರೋಗಿಯ ಹೆಸರನ್ನು ಬಯಲು ಮಾಡಿದರೆ ರೋಗ ಕಡಿಮೆಯಾಗುವುದಿಲ್ಲ, ಜನರು ರೋಗವನ್ನು ಮುಚ್ಚಿಡಲು ಆರಂಭಿಸುತ್ತಾರೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ಸತ್ಯ ಹೇಳುವುದಿಲ್ಲ. ಅಂತಿಮವಾಗಿ ನಷ್ಟವಾಗುವುದು ಇಡೀ ಊರಿಗೆ.

ಹಾಗಾದರೆ ಎಲ್ಲ ಪಟ್ಟಿಗಳನ್ನೂ ಬೀಗ ಹಾಕಿ ಇಡಬೇಕೇ? ಇಲ್ಲಿ ನಾವು ಬಹಳ ಎಚ್ಚರಿಕೆಯಿಂದ ಹೆಜ್ಜೆ ಇಡಬೇಕಾಗಿದೆ. ಏಕೆಂದರೆ ಪಟ್ಟಿಯು ಬಡವನ ಆಯುಧವೂ ಹೌದು. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿ ಪಟ್ಟಿಯನ್ನು ಜನರ ಮುಂದೆ ಓದಿಸಿದರು. ಆಗ ಸತ್ತವರ ಹೆಸರಿನಲ್ಲಿ, ಊರು ಬಿಟ್ಟವರ ಹೆಸರಿನಲ್ಲಿ ಹಣ ತೆಗೆದದ್ದು ಬಯಲಾಯಿತು. ಆ ಹೋರಾಟವೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ನಮ್ಮ ಕರ್ನಾಟಕವಂತೂ ಅದಕ್ಕೂ ಮೊದಲೇ, 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ಮಾಡಿತ್ತು. ಸಹಾಯಧನದ ಯೋಜನೆಗಳಲ್ಲಿ ಎಷ್ಟು ಹಣ ಹಂಚಿಕೆಯಾಯಿತು, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಇದಿಲ್ಲದಿದ್ದರೆ ಸತ್ತವರ ಪಗಾರವನ್ನು ಯಾರು ತಿನ್ನುತ್ತಿದ್ದಾರೆ, ಬದುಕಿದ್ದವರ ಪಗಾರವನ್ನು 'ಮೃತರು' ಎಂದು ಬರೆದು ಯಾರು ನಿಲ್ಲಿಸಿದ್ದಾರೆ ಎಂದು ತಿಳಿಯುವುದು ಹೇಗೆ?

ಈಗ ಸರಕಾರ ಏನು ಮಾಡಿದೆ ನೋಡಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆರು ವರ್ಷಗಳ ಬಳಿಕ, 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಆದರೆ ಜಾರಿಯ ಕ್ರಮವನ್ನು ಗಮನಿಸಿ. ಮಾಹಿತಿಯನ್ನು ಸಂಗ್ರಹಿಸುವವರ ಮೇಲಿನ ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಅಂದರೆ ಅವು 2027ರ ಮೇ ತಿಂಗಳಿಗೆ ಹೋದವು. ಮಾಹಿತಿ ಹಕ್ಕನ್ನು ಕುಗ್ಗಿಸುವ ತಿದ್ದುಪಡಿ ಮಾತ್ರ 2025ರ ನವೆಂಬರ್‌ನಲ್ಲಿಯೇ ಜಾರಿಗೆ ಬಂತು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂನಲ್ಲಿ, ಸಾರ್ವಜನಿಕ ಹಿತಕ್ಕಾಗಿ ವೈಯಕ್ತಿಕ ಮಾಹಿತಿಯನ್ನು ಕೊಡಬಹುದೆಂಬ ಮಾತಿತ್ತು. ಅದನ್ನು ತೆಗೆದುಹಾಕಲಾಗಿದೆ. ಇನ್ನು 'ಇದು ವೈಯಕ್ತಿಕ ಮಾಹಿತಿ' ಎಂಬ ಒಂದೇ ವಾಕ್ಯದಿಂದ ಅಧಿಕಾರಿ ಅರ್ಜಿಯನ್ನು ಹಿಂದಿರುಗಿಸಬಹುದು. 8(2)ನೇ ಕಲಂನಲ್ಲಿ ಸಾರ್ವಜನಿಕ ಹಿತದ ಅವಕಾಶ ಇನ್ನೂ ಉಳಿದಿದೆ, ನಿಜ. ಆದರೆ ಅದನ್ನು ಎತ್ತಿ ವಾದಿಸಿ ಗೆಲ್ಲುವ ಶಕ್ತಿ ಪಗಾರ ನಿಂತುಹೋದ ಮುದುಕನಿಗೆ ಎಲ್ಲಿದೆ?

ಅಂದರೆ ಮುಚ್ಚಿರಬೇಕಾದದ್ದು ತೆರೆದಿದೆ, ತೆರೆದಿರಬೇಕಾದದ್ದು ಮುಚ್ಚುತ್ತಿದೆ. ಬಡವನ ಆಧಾರ್ ಪ್ರತಿ ಝೆರಾಕ್ಸ್ ಅಂಗಡಿಯ ರದ್ದಿಯಲ್ಲಿ ಬಿದ್ದಿರಬಹುದು, ಅಧಿಕಾರಿಯ ಲೆಕ್ಕದ ಪುಸ್ತಕಕ್ಕೆ ಮಾತ್ರ 'ಖಾಸಗಿತನ'ದ ರಕ್ಷಣೆ! ಇನ್ನೂ ಒಂದು ವಿಷಯವಿದೆ. ಹೊಸ ಕಾಯ್ದೆಯು ಗಣಕಕ್ಕೆ ಸೇರಿದ ಮಾಹಿತಿಗೆ ಮಾತ್ರ ಅನ್ವಯವಾಗುತ್ತದೆ. ಗಣಕಕ್ಕೆ ಏರದೆ ಕಾಗದದಲ್ಲಿಯೇ ಉಳಿದ ಅರ್ಜಿ, ಗೋಡೆಗೆ ಅಂಟಿಸಿದ ಪಟ್ಟಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಸವಲತ್ತು ವಿತರಣೆಯ ಕೆಲವು ಸಂದರ್ಭಗಳಲ್ಲಿ ಸರಕಾರ ಹೊಸದಾಗಿ ಒಪ್ಪಿಗೆ ಕೇಳಬೇಕಾದ ಅಗತ್ಯವೂ ಇಲ್ಲ. ತಪ್ಪಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆಯೆಂದು ಪ್ರಚಾರ ಮಾಡಲಾಗುತ್ತದೆ. ಆದರೆ ಆ ದಂಡ ಸೇರುವುದು ಸರಕಾರದ ಖಜಾನೆಗೆ, ನೊಂದವನ ಕೈಗಲ್ಲ.

ಬಡವನ ಗೌಪ್ಯತೆ ಮತ್ತು ಸರಕಾರದ ಪಾರದರ್ಶಕತೆ ಒಂದಕ್ಕೊಂದು ವಿರುದ್ಧವೆಂದು ನಮ್ಮನ್ನು ನಂಬಿಸಲಾಗುತ್ತಿದೆ. ನಿಜವಾಗಿ ಹಾಗಿಲ್ಲ. ಫಲಾನುಭವಿಯ ಹೆಸರು, ಊರು, ಮಂಜೂರಾದ ಮೊತ್ತ, ಪಾವತಿಯಾದ ತಿಂಗಳು, ನಿಲ್ಲಿಸಿದ್ದರೆ ಅದರ ದಿನಾಂಕ ಮತ್ತು ಆದೇಶ ಮಾಡಿದ ಅಧಿಕಾರಿ ಇವು ಬಹಿರಂಗವಾಗಿರಲಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ, ಬೆರಳಚ್ಚು, ರೋಗದ ಹೆಸರು, ಊನದ ಸ್ವರೂಪ, ವಿಚ್ಛೇದನದ ಕಾಗದ ಇವು ಮುಚ್ಚಿರಲಿ. ಯೋಜನೆಯ ಹೆಸರೇ ವ್ಯಕ್ತಿಯ ಗುಟ್ಟನ್ನು ಹೇಳಿಬಿಡುವಂತಿದ್ದರೆ, ಉದಾಹರಣೆಗೆ ಮೈತ್ರಿ ಅಥವಾ ಎಚ್‌ಐವಿ ಬಾಧಿತರ ನೆರವು, ಅಲ್ಲಿ ಎಷ್ಟು ಜನ, ಎಷ್ಟು ಹಣ ಎಂಬುದನ್ನಷ್ಟೇ ಪ್ರಕಟಿಸಲಿ. ಹೆಸರುಗಳನ್ನು ಗೌಪ್ಯತೆಗೆ ಬದ್ಧರಾದ ಲೆಕ್ಕ ಪರಿಶೋಧಕರು ಪರೀಕ್ಷಿಸಲಿ. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಕಾಗಿಲ್ಲ, ಪಟ್ಟಿಯಲ್ಲಿ ಯಾವ ಕಂಬಸಾಲು ಇರಬೇಕು, ಯಾವುದು ಇರಬಾರದು ಎಂಬ ವಿವೇಕವಿದ್ದರೆ ಸಾಕು.

ಬೇರೆ ದೇಶಗಳು ಇದಕ್ಕೆ ಒಂದು ದಾರಿಯನ್ನು ಕಂಡುಕೊಂಡಿವೆ. ಇಂಗ್ಲೆಂಡಿನಲ್ಲಿ ವೃದ್ಧರು, ಅಂಗವಿಕಲರ ಆರೈಕೆಯ ಹೊಣೆ ಸ್ಥಳೀಯ ಸಂಸ್ಥೆಗಳದ್ದು. ನಮ್ಮ ನಗರಸಭೆ, ಜಿಲ್ಲಾ ಪಂಚಾಯತಿಗಳಂತೆ ಅಲ್ಲಿ ಕೌನ್ಸಿಲ್‌ಗಳಿವೆ. 1997ರಲ್ಲಿ ಫಿಯೋನಾ ಕ್ಯಾಲ್ಡಿಕಾಟ್ ಎಂಬ ಮನೋವೈದ್ಯೆಯ ನೇತೃತ್ವದ ಸಮಿತಿಯು ರೋಗಿಗಳ ಮಾಹಿತಿಯ ಬಗ್ಗೆ ವರದಿ ನೀಡಿತು. ಅದರಂತೆ ಮೊದಲು ಆಸ್ಪತ್ರೆಗಳಲ್ಲಿ, ಬಳಿಕ ಕೌನ್ಸಿಲ್‌ಗಳ ಆರೈಕೆ ವಿಭಾಗಗಳಲ್ಲಿಯೂ 'ಕ್ಯಾಲ್ಡಿಕಾಟ್ ಗಾರ್ಡಿಯನ್' ಎಂಬ ಹಿರಿಯ ಅಧಿಕಾರಿಯನ್ನು ನೇಮಿಸಲಾಯಿತು. ಈ ಮಾಹಿತಿ ಯಾಕೆ ಬೇಕು, ಇಷ್ಟೊಂದು ಬೇಕೇ, ಯಾರು ನೋಡಬಹುದು ಎಂದು ಕೇಳುವುದೇ ಅವರ ಕೆಲಸ. ಅಲ್ಲಿಯೂ ತಪ್ಪುಗಳಾಗುತ್ತವೆ. ಆದರೆ ತಪ್ಪಾದಾಗ ಯಾರನ್ನು ಕೇಳಬೇಕು ಎಂಬುದು ಜನರಿಗೆ ತಿಳಿದಿದೆ. ನಮ್ಮ ತಾಲೂಕು ಕಚೇರಿಯಲ್ಲಿ ಮಾಹಿತಿ ಕೊಡುವುದಕ್ಕೊಬ್ಬ ಅಧಿಕಾರಿ ಇದ್ದಾರೆ. ಮಾಹಿತಿ ಕಾಯುವುದಕ್ಕೆ ಯಾರಿದ್ದಾರೆ?

ಇನ್ನು, ನಮ್ಮವರಲ್ಲಿ ಕೆಲವರಿಗೆ ಮಾಹಿತಿ ಕೊಡುವುದೇ ಅಪಾಯವೆಂಬ ಭಾವನೆಯಿದೆ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಇಂಥ ಅಂಜಿಕೆ ಅನೇಕರಲ್ಲಿತ್ತು. ಕರ್ನಾಟಕ ಹೈಕೋರ್ಟ್ ಸಮೀಕ್ಷೆಯನ್ನು ತಡೆಯಲಿಲ್ಲ. ಆದರೆ ಭಾಗವಹಿಸುವುದು ಸ್ವಯಂಪ್ರೇರಿತವಾಗಿರಬೇಕು, ಸಂಗ್ರಹಿಸಿದ ಮಾಹಿತಿಯನ್ನು ಗೌಪ್ಯವಾಗಿಡಬೇಕು ಎಂದು ಮಧ್ಯಂತರ ಆದೇಶ ನೀಡಿತು. ಇದು ಸರಿಯಾದ ಮಾರ್ಗ. ನಮ್ಮ ಸಮುದಾಯದ ಬಡತನವು ದೇಶಕ್ಕೆ ತಿಳಿದದ್ದೇ 2006ರ ಸಾಚಾರ್ ಸಮಿತಿಯ ಅಂಕಿ ಅಂಶಗಳಿಂದ. ಎಣಿಕೆಯಿಂದ ತಪ್ಪಿಸಿಕೊಂಡರೆ ನಮ್ಮ ಹಕ್ಕಿನ ಮಾತು ಬಲ ಕಳೆದುಕೊಳ್ಳುತ್ತದೆ. ಎಷ್ಟು ಜನ ವಿಧವೆಯರಿದ್ದಾರೆ ಎಂಬ ಲೆಕ್ಕ ಸಮಾಜಕ್ಕೆ ಬೇಕು. ಆ ವಿಧವೆಯರ ಮನೆಯ ಕಥೆ ಸಮಾಜಕ್ಕೆ ಬೇಕಾಗಿಲ್ಲ.

ಇಷ್ಟನ್ನು ಸರಕಾರಕ್ಕೆ ಹೇಳುವ ನಾವು, ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳೋಣ. ರಮಝಾನ್‌ನಲ್ಲಿ ಆಹಾರದ ಕಿಟ್ ಕೊಡುವಾಗ ಪಡೆಯುವ ತಾಯಿಯನ್ನು ನಿಲ್ಲಿಸಿ ಫೋಟೋ ತೆಗೆದು, ಅದನ್ನು ಊರಿನ ಗ್ರೂಪುಗಳಿಗೆಲ್ಲ ಹಂಚುವುದು ಎಂಥ ಸೇವೆ? ದಾನವನ್ನು ಎತ್ತಾಡಿ ನೋಯಿಸಬಾರದು, ಬಡವರಿಗೆ ಗುಟ್ಟಾಗಿ ಕೊಡುವುದು ಮೇಲು ಎಂಬ ಪಾಠವನ್ನು ಮಕ್ಕಳಿಗೆ ಮದ್ರಸದಲ್ಲಿ ಕಲಿಸುವವರು ನಾವೇ ಅಲ್ಲವೇ? ಝಕಾತ್ ಪಡೆಯುವವರ ಪಟ್ಟಿ, ಜಮಾಅತಿನ ದಫ್ತರದಲ್ಲಿರುವ ತಲಾಕಿನ ವಿವರ, ಮದುವೆಗೆ ನೆರವು ಕೇಳಿದ ತಂದೆಯ ಅರ್ಜಿ ಇವೆಲ್ಲವೂ ಅಮಾನತ್. ಅರ್ಜಿ ತುಂಬಿಕೊಡಲು ಓಡಾಡುವ ನಮ್ಮ ಯುವಕರ ಸೇವೆ ದೊಡ್ಡದು. ಅವರು ಕೆಲಸ ಮುಗಿದ ದಿನವೇ ಮೊಬೈಲಿನಲ್ಲಿರುವ ಇತರರ ಆಧಾರ್ ಚಿತ್ರಗಳನ್ನು ಅಳಿಸಿಬಿಡಲಿ.

ಮನೆಯ ಮಟ್ಟದಲ್ಲಿ ಇಂದಿನಿಂದಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕಿರಿ. ಪೂರ್ಣ ಸಂಖ್ಯೆ ಬೇಡವಾದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಿರಿ. ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಉಚಿತವಾಗಿ ನೀಡಿದೆ. ಓದಿದ ಮಕ್ಕಳು ಅದನ್ನು ಹಿರಿಯರಿಗೆ ಮಾಡಿಕೊಡಲಿ, ಹಣ ತೆಗೆಯುವ ದಿನ ತೆರೆದುಕೊಡುವುದನ್ನೂ ಮರೆಯದಿರಲಿ. ಹೆಬ್ಬೆಟ್ಟು ಒತ್ತಿದ ಪ್ರತಿ ಬಾರಿಯೂ ರಸೀದಿ ಕೇಳಿರಿ. 'ಥಂಬ್ ಬೀಳಲಿಲ್ಲ' ಎಂದರೂ ಯಂತ್ರದಲ್ಲಿ ಬಂದ ಚೀಟಿಯನ್ನು ಕೇಳಿರಿ. ಹಣ ಹೋಗಿದೆಯೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಡಿರಿ.

ಆದರೆ ಹೊಣೆಯನ್ನೆಲ್ಲ ಓದು ಬಾರದ ಮುದುಕಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ವರ್ಷಕ್ಕೆ ಕನಿಷ್ಠ ಎರಡು ಬಾರಿ ಗ್ರಾಮಸಭೆ ನಡೆಯಬೇಕು ಎಂಬುದು ಕಾನೂನು. ಮಾಸಾಶನ ಮಂಜೂರು ಮಾಡುವುದು ಕಂದಾಯ ಇಲಾಖೆಯಾದರೂ ಗ್ರಾಮಸಭೆಯಲ್ಲಿ ಅದನ್ನು ಕೇಳಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಗ್ರಾಮಸಭೆಗೆ ಜಾತಿ ಮತ ಭೇದವಿಲ್ಲದೆ ಹೋಗೋಣ. ಏಕೆಂದರೆ ಪಗಾರದ ಸಾಲಿನಲ್ಲಿ ಎಲ್ಲರ ತಾಯಂದಿರೂ ನಿಂತಿದ್ದಾರೆ. ಅಲ್ಲಿ ಎರಡು ಪ್ರಶ್ನೆಗಳನ್ನು ಲಿಖಿತವಾಗಿ ಕೇಳೋಣ. ಮೊದಲನೆಯದು: ಈ ವರ್ಷ ನಮ್ಮ ಊರಿನಲ್ಲಿ ಎಷ್ಟು ಜನರಿಗೆ ಮಾಸಾಶನ ಮಂಜೂರಾಗಿದೆ, ಎಷ್ಟು ಜನರದ್ದು ನಿಂತಿದೆ, ನಿಲ್ಲಿಸಿದವರು ಯಾರು, ಕಾರಣವೇನು? ಎರಡನೆಯದು: ನಾವು ಕೊಟ್ಟ ಕಾಗದಗಳು ಯಾವ ಕಪಾಟಿನಲ್ಲಿವೆ, ಅದರ ಕೀಲಿ ಯಾರ ಬಳಿ ಇದೆ, ಎಷ್ಟು ವರ್ಷದ ಬಳಿಕ ಅವನ್ನು ನಾಶಪಡಿಸಲಾಗುತ್ತದೆ? ಈ ಎರಡನ್ನೂ ಒಟ್ಟಿಗೇ ಕೇಳಬೇಕು. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ, ಬಿಟ್ಟದ್ದರ ಮರೆಯಲ್ಲಿ ನಿಲ್ಲುವವರು ಯಾವಾಗಲೂ ಇದ್ದೇ ಇರುತ್ತಾರೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಪಡೆದುಕೊಂಡೇ ಸಭೆಯಿಂದ ಏಳೋಣ.